ಒಂದೇ ಗೆರೆ

"ಜ್ವರ ಬಂದು ಏಳು ದಿನ ಅಂತ ಇಲ್ಲಿ ಬರೆದದ್ದು ಯಾರು?"

ಒಮೊಯೆ ಫಾರಮ್ಮನ್ನು ಮೇಜಿನ ಮೇಲೆ ಬಡಿದಳು. ಹರ್ಮಟಾನ್ ಗಾಳಿ ಕಿಟಕಿಯ ಸಂದಿಯಿಂದ ತಂದು ಸುರಿದಿದ್ದ ದೂಳು ಎದ್ದು ಇಬ್ಬರ ಮೂಗಿಗೂ ನುಗ್ಗಿತು. ಕ್ಲಿನಿಕ್ಕಿನ ಲ್ಯಾಬ್ ನೋಡಿಕೊಳ್ಳುವ ಲಾಬರಾನ್ ಎರಡು ಸಲ ಸೀನಿ, ಕರವಸ್ತ್ರ ತೆಗೆದು, ಮೂಗು ಒರೆಸಿ, ಅದನ್ನು ಮತ್ತೆ ಮಡಿಸಿ ಜೇಬಿಗಿಟ್ಟುಕೊಳ್ಳುವವರೆಗೆ ಅವಳು ಹಲ್ಲು ಕಚ್ಚಿಕೊಂಡು ಕಾಯಬೇಕಾಯಿತು. ಆ ಮನುಷ್ಯ ಎಲ್ಲವನ್ನೂ ಮಡಿಸಿಯೇ ಇಡುವವನು.

"ನಾನೇ ಬರೆದದ್ದು, ಮೇಡಂ. ನನ್ನದೇ ಅಕ್ಷರ."

"ಹಾಗಾದರೆ ಸುಳ್ಳು ಬರೆದಿದ್ದೀರಿ, ಮಾಲಮ್." ಮರ್ಯಾದೆಗೆ ಮಾಲಮ್ ಎಂದರೂ ಅವಳ ದನಿಯಲ್ಲಿ ಮರ್ಯಾದೆ ಇರಲಿಲ್ಲ.

ಹನ್ನೊಂದು ವರ್ಷ ಪೊಲೀಸ್ ಸಾರ್ಜೆಂಟ್ ಆಗಿದ್ದ ಒಮೊಯೆ ಈಗ ಕೌನ್ಸಿಲ್ಲಿನ ಆರೋಗ್ಯ ಇಲಾಖೆಯಲ್ಲಿ ಜ್ವರಗಳ ಜಾಡು ಹಿಡಿಯುತ್ತಿದ್ದಳು. ಗೋಡೆಯ ಗಡಿಯಾರ ಹತ್ತೂವರೆ ತೋರಿಸುತ್ತಿತ್ತು. ಮರಗೆಣಸಿನ ಗಿರಣಿಯ ಇನೆಗ್ಬೆ ಸತ್ತು ಇವತ್ತಿಗೆ ಮೂರು ದಿನ. ಅವನ ಹೆಂಡತಿ ಜಸ್ಟಿನಾಳೇ ವಿಷ ಹಾಕಿದಳು ಎಂದು ಅವನ ಮನೆಯ ಹೆಣ್ಣುಮಕ್ಕಳು ತೀರ್ಮಾನಿಸಿಬಿಟ್ಟಿದ್ದರು. ಮಧ್ಯಾಹ್ನ ಹೆಣ ತೊಳೆಯುತ್ತಾರೆ. ತೊಳೆದ ನೀರನ್ನು ಜಸ್ಟಿನಾ ಎಲ್ಲರೆದುರಿಗೆ ಕುಡಿಯಬೇಕು. ಕುಡಿದು ಬದುಕಿದರೆ ತಪ್ಪಿಲ್ಲದವಳು.

ಸರ್ಕಾರ ಇದನ್ನು ನಿಷೇಧಿಸಿ ಎಷ್ಟೋ ವರ್ಷವಾಗಿದೆ. ಆ ಕಾನೂನು ಪುಸ್ತಕದೊಳಗೆ ಸುಖವಾಗಿ ಮಲಗಿದೆ.

ಇನೆಗ್ಬೆಯನ್ನು ಕೊಂದದ್ದು ವಿಷವಲ್ಲ, ಇಲಿಗಳಿಂದ ಹರಡುವ ಲಾಸಾ ಜ್ವರ ಎಂಬುದರಲ್ಲಿ ಒಮೊಯೆಗೆ ಅನುಮಾನವೇ ಇರಲಿಲ್ಲ. ಗಿರಣಿಯ ಹಿಂದೆ ಒಣಗಲು ಹರವಿದ್ದ ಮರಗೆಣಸಿನ ಗಾರಿ ಹಿಟ್ಟಿನ ಮೇಲೆ ಇಲಿಯ ಹಿಕ್ಕೆಗಳನ್ನು ಅವಳು ಕಣ್ಣಾರೆ ಕಂಡಿದ್ದಳು. ಸಾಯುವ ಹೊತ್ತಿಗೆ ಅವನ ಒಸಡಿನಿಂದ ರಕ್ತ ಸೋರಿತ್ತು. ಲಾಸಾ ಆಗಿದ್ದರೆ ಆ ಹೆಣದ ನೀರಿನಲ್ಲೂ ಲಾಸಾ ಇರುತ್ತದೆ. ಕುಡಿದರೆ ಜಸ್ಟಿನಾಗೆ ಸಾವು, ಸತ್ತರೆ ಅವಳೇ ಕೊಲೆಗಾರ್ತಿ ಎಂಬ ತೀರ್ಪು.

ಆದರೆ ಈ ಕ್ಲಿನಿಕ್ಕಿನ ಕಾಗದ ಹೇಳುವುದೇ ಬೇರೆ. ಲಾಸಾ ಇಲ್ಲ. ಸಹಿ ಹಾಕಿದ ಡಾಕ್ಟರು ಲೇಗೋಸಿಗೆ ಹೋಗಿ ಫೋನ್ ಆಫ್ ಮಾಡಿಕೊಂಡಿದ್ದರು. ಠಾಣಾಧಿಕಾರಿ ಬೆಳಿಗ್ಗೆ ಕೈ ಎತ್ತಿದ್ದ: "ವಿಷ ಅಲ್ಲ, ಜ್ವರ ಅಂತ ಒಂದು ಕಾಗದ ತನ್ನಿ ಮೇಡಂ, ಆ ಕ್ಷಣ ಜೀಪು ಕಳಿಸ್ತೀನಿ. ಕಾಗದ ಇಲ್ಲದೆ ಆ ಹೆಂಗಸರ ಗುಂಪಿನೊಳಗೆ ನನ್ನ ಹುಡುಗರು ಕಾಲಿಡಲ್ಲ."

ಎಲ್ಲರಿಗೂ ಕಾಗದ ಬೇಕು. ಇರುವ ಒಂದೇ ಕಾಗದ ಸುಳ್ಳು.

"ಪಟ್ಟಿ ಸುಳ್ಳು ಹೇಳಲ್ಲ, ಮೇಡಂ," ಎಂದ ಲಾಬರಾನ್. ಡ್ರಾಯರಿನಿಂದ ಒಂದು ಪೊಟ್ಟಣ ತೆಗೆದು ಮಡಿಕೆ ಬಿಚ್ಚಿದ. ಒಳಗೆ ಬೆರಳುದ್ದದ ಪರೀಕ್ಷಾ ಪಟ್ಟಿ ಇತ್ತು. "ರೋಗ ಇದ್ದರೆ ಎರಡು ಗೆರೆ, ಇಲ್ಲದಿದ್ದರೆ ಒಂದೇ ಗೆರೆ. ನೋಡಿ, ಒಂದೇ ಗೆರೆ. ಇಂಥದ್ದೇನಾದರೂ ಆದೀತು ಅಂತಲೇ ಎತ್ತಿಟ್ಟಿದ್ದೆ."

"ಈ ಪಟ್ಟಿ ಹುಡುಕೋದು ಏನನ್ನ?"

"ಪ್ರತಿಕಾಯನ. ರೋಗದ ಮೇಲೆ ಬೀಳೋದಕ್ಕೆ ಮೈ ತಯಾರು ಮಾಡಿಕೊಳ್ಳೋ ಆಯುಧ."

"ವೈರಸ್ಸನ್ನಲ್ಲ."

"ಅಲ್ಲ."

"ಮೈ ಅದನ್ನ ತಯಾರು ಮಾಡೋಕೆ ಎಷ್ಟು ದಿನ ಬೇಕು?"

"ಒಂದು ವಾರ. ಕೆಲವರಿಗೆ ಇನ್ನೂ ಹೆಚ್ಚು."

"ಸಾಯುವವರಲ್ಲಿ ಕೆಲವರಿಗೆ ಕೊನೇವರೆಗೂ ಬರಲ್ಲ. ಅದನ್ನ ಯಾಕೆ ನುಂಗಿದಿರಿ?" ಒಮೊಯೆ ಮೇಜಿನ ಮೇಲೆ ಬಾಗಿದಳು. "ಕಳ್ಳ ಮನೆಯೊಳಗೇ ಕೂತು ಪಾತ್ರೆ ಪಗಡ ಗಂಟು ಕಟ್ತಾ ಇದ್ದಾನೆ, ಮಾಲಮ್. ನೀವು ಠಾಣೆಗೆ ಹೋಗಿ ದೂರಿನ ಪುಸ್ತಕ ತೆಗೆದು, ದೂರು ಬಂದಿಲ್ಲ, ಅಂದಮೇಲೆ ಕಳ್ಳನೂ ಇಲ್ಲ ಅಂತ ಸಹಿ ಹಾಕಿ ಬರ್ತೀರಿ."

ಲಾಬರಾನ್‌ನ ಮುಖ ಬಾಡಿತು. ಗೋಡೆಯ ಕಡೆ ಕೈ ತೋರಿಸಿದ. ಅಲ್ಲಿ ಅವನೇ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದ ಚೀಟಿ ಇತ್ತು: ಜ್ವರ ಬಂದು ಏಳು ದಿನ ಆಗಿಲ್ಲದಿದ್ದರೆ ಒಂದೇ ಗೆರೆಯನ್ನು ನಂಬಬಾರದು. ರಕ್ತವನ್ನು ದೊಡ್ಡ ಲ್ಯಾಬಿಗೆ ಕಳಿಸಬೇಕು.

"ಡಾಕ್ಟರು ಹೇಳದೇ ಇದ್ದರೂ ನಾನೇ ಮಾಡಿಕೊಂಡ ನಿಯಮ ಅದು. ಎರಡು ವರ್ಷದಲ್ಲಿ ಒಮ್ಮೆಯೂ ಮುರಿದಿಲ್ಲ. ಇನೆಗ್ಬೆಗೆ ಏಳು ದಿನ ಆಗಿತ್ತು, ಅದಕ್ಕೇ ನಂಬಿದೆ."

ಒಮೊಯೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ಎದುರಿಗೆ ಒಬ್ಬ ದಡ್ಡನೋ ಲಫಂಗನೋ ಇದ್ದಿದ್ದರೆ ಬಾಯ್ತುಂಬ ಬೈದು ಹಗುರಾಗಬಹುದಿತ್ತು. ಇಲ್ಲಿ ನೋಡಿದರೆ ಒಬ್ಬ ಅಚ್ಚುಕಟ್ಟಿನ ಮನುಷ್ಯ ಅಚ್ಚುಕಟ್ಟಾಗಿಯೇ ತಪ್ಪು ಮಾಡಿ ಕೂತಿದ್ದ.

"ಆಗಿರಲಿಲ್ಲ," ಎಂದಳು. "ನೀವು ರಕ್ತ ತೆಗೆದದ್ದು ಹೋದ ಶನಿವಾರ. ನಿಮ್ಮ ಲೆಕ್ಕಕ್ಕೆ ಅದರ ಹಿಂದಿನ ಶನಿವಾರವೇ ಅವನಿಗೆ ಜ್ವರ ಶುರು. ಆದರೆ ನಡುವಿನ ಸೋಮವಾರ ನನ್ನ ಬೈಕು ಗಿರಣಿ ಮುಂದಿನ ಮೋರಿಗೆ ಬಿತ್ತು. ಇನೆಗ್ಬೆ ಒಬ್ಬನೇ ಇಳಿದು, ಭುಜ ಕೊಟ್ಟು ಎತ್ತಿ ರಸ್ತೆಗಿಟ್ಟ. ಸರ್ಕಾರದ ಗಾಡಿಗೂ ಸರ್ಕಾರದ ಹಾಗೇ ನಿದ್ದೆ ಜಾಸ್ತಿ ಅಂತ ನಗಾಡಿದ. ಎರಡು ದಿನದಿಂದ ಲಾಸಾ ಹಿಡಿದವನು ಬೈಕು ಎತ್ತುತ್ತಾನಾ?"

ಲಾಬರಾನ್ ಫಾರಮ್ಮನ್ನು ಎಳೆದುಕೊಂಡು ಆ ಸಾಲನ್ನು ಮತ್ತೆ ಓದಿದ.

"ಏಳು ದಿನ ಅಂತ ನಿಮಗೆ ಹೇಳಿದ್ದು ಯಾರು?"

"ಜೊತೆಗೆ ಬಂದಿದ್ದ ಅವರಕ್ಕ. ಅಯೆಮೆರೆ."

ಸಿಕ್ಕಿಬಿದ್ದಳು ಎಂದುಕೊಂಡಳು ಒಮೊಯೆ. ಜಸ್ಟಿನಾಗೆ ನೀರು ಕುಡಿಸಲು ಮೊದಲು ಬಾಯಿ ತೆರೆದವಳೇ ಅಯೆಮೆರೆ. ಹೆಣ್ಣುಮಕ್ಕಳ ಗುಂಪಿನ ಯಜಮಾನಿ. ಜ್ವರದ ದಿನ ಹೆಚ್ಚಿಗೆ ಹೇಳಿ ಪರೀಕ್ಷೆಯನ್ನೇ ತಿರುಗಿಸಿದ್ದಳೋ ಏನೋ. ಮೂರು ದಿನದಿಂದ ಕತ್ತಲಲ್ಲಿ ತಡಕಾಡುತ್ತಿದ್ದವಳಿಗೆ ಒಬ್ಬ ಅಪರಾಧಿ ಕೈಗೆ ಸಿಕ್ಕಂತಾಯಿತು.

"ಏಳು ದಿನ ಅಂತಲೇ ಅಂದಳಾ? ಅವಳ ಬಾಯಿಂದ ಬಂದ ಮಾತನ್ನೇ ಹೇಳಿ."

ಲಾಬರಾನ್ ಕಣ್ಣು ಮುಚ್ಚಿ ನೆನಪಿಸಿಕೊಂಡ. "ಇಲ್ಲ... ಏಳು ಅನ್ನಲಿಲ್ಲ. 'ಹೋದ ಸಂತೆ ದಿನ ಮಲಗಿದೋನು ಎದ್ದಿಲ್ಲ ಕಣಪ್ಪ, ಇವತ್ತು ಮತ್ತೆ ಸಂತೆ ಬಂತು' ಅಂದರು."

"ನೀವು ಏಳು ಅಂತ ಬರೆದಿರಿ."

"ಸಂತೆಯಿಂದ ಸಂತೆಗೆ ಏಳು ದಿನ, ಮೇಡಂ. ಅದರಲ್ಲಿ ಕೇಳೋದೇನಿದೆ?"

ಒಮೊಯೆ ಕುರ್ಚಿ ಎಳೆದು ಅವನೆದುರು ಕೂತಳು.

"ನಿಮ್ಮೂರು ಯಾವುದು, ಮಾಲಮ್?"

"ಕಟ್ಸಿನಾ ಕಡೆ. ಉತ್ತರ."

"ಅಲ್ಲಿ ಸಂತೆ?"

"ಪ್ರತಿ ಗುರುವಾರ."

"ಈ ಇಡುಮೋಸಾ ಊರೊಳಗಿನ ಸಂತೆಗೆ ಎಂದಾದರೂ ಹೋಗಿದ್ದೀರಾ?"

"ನನಗೆ ಬೇಕಾದ್ದೆಲ್ಲ ಹೆದ್ದಾರಿ ಅಂಗಡಿಯಲ್ಲೇ ಸಿಗುತ್ತೆ."

"ಇಲ್ಲಿ ಸಂತೆ ನಾಲ್ಕು ದಿನಕ್ಕೊಮ್ಮೆ."

ಲಾಬರಾನ್ ಬೆರಳು ಮಡಿಸಿದ. ಶನಿವಾರದಿಂದ ಹಿಂದಕ್ಕೆ ಶುಕ್ರವಾರ, ಗುರುವಾರ, ಬುಧವಾರ, ಮಂಗಳವಾರ. ಮಂಗಳವಾರದ ಬೆರಳಿಗೆ ಬಂದು ಕೈ ನಿಂತಿತು. ಮತ್ತೊಮ್ಮೆ ಎಣಿಸಿದ.

"ನಾಲ್ಕೇ ದಿನ," ಎಂದ. "ನಾನು ಒಂದು ಮಾತು ಕೇಳಿದ್ದರೆ ರಕ್ತ ಅವತ್ತೇ ದೊಡ್ಡ ಲ್ಯಾಬಿಗೆ ಹೋಗ್ತಿತ್ತು. ಔಷಧಿ ಶುರುವಾಗ್ತಿತ್ತು."

ಯಾರೂ ಸುಳ್ಳು ಹೇಳಿರಲಿಲ್ಲ. ಅದೇ ಒಮೊಯೆಯ ಹೊಟ್ಟೆ ಉರಿಸಿತು. ಕಳ್ಳನಿದ್ದರೆ ಹಿಡಿಯಬಹುದು, ಸುಳ್ಳಿದ್ದರೆ ಬಯಲಿಗೆಳೆಯಬಹುದು. ಹುಟ್ಟಿದಂದಿನಿಂದ ಸಂತೆಯ ಲೆಕ್ಕದಲ್ಲೇ ಬದುಕಿದ ಒಬ್ಬ ಮುದುಕಿಯನ್ನೂ, ವಾರದ ಲೆಕ್ಕದಲ್ಲೇ ಬದುಕಿದ ಒಬ್ಬ ಪರವೂರಿನವನನ್ನೂ ಯಾವ ಕಾಯಿದೆಯಡಿ ಹಿಡಿಯುವುದು? ಹೆಣವಂತೂ ಬಿದ್ದಾಗಿತ್ತು.

ಶನಿವಾರದ ರಕ್ತದಲ್ಲಿ ಉಳಿದಿದ್ದ ಅರ್ಧ ಟ್ಯೂಬನ್ನು ಅವಳು ನಿನ್ನೆಯೇ ಕ್ಲಿನಿಕ್ಕಿನ ಫ್ರಿಜ್ಜಿನಿಂದ ಎತ್ತಿ ದೊಡ್ಡ ಲ್ಯಾಬಿಗೆ ಕಳಿಸಿದ್ದಳು. ಅಲ್ಲಿ ಪ್ರತಿಕಾಯವನ್ನಲ್ಲ, ವೈರಸ್ಸನ್ನೇ ಹುಡುಕುತ್ತಾರೆ. ಮಧ್ಯಾಹ್ನಕ್ಕೆ ಮೆಸೇಜು ಎಂದಿದ್ದರು. ಅವರ ಮಧ್ಯಾಹ್ನ ಹನ್ನೆರಡೋ, ಮೂರೋ, ದೇವರೇ ಬಲ್ಲ.

"ಏಳಿ," ಎಂದಳು. "ನನ್ನ ಮಾತು ಅವರು ಕೇಳಲ್ಲ. ಕಾಗದ ಬರೆದವರೇ ಬಂದು ಕಾಗದ ತಪ್ಪು ಅನ್ನಬೇಕು. ಕೈಗವಸು ತನ್ನಿ, ಇಬ್ಬರಿಗೂ."

ಅಚ್ಚುಕಟ್ಟಿನ ಮನುಷ್ಯ ಗವಸಿನ ಜೊತೆ ಪಟ್ಟಿಗಳಿದ್ದ ತನ್ನ ಪೆಟ್ಟಿಗೆಯನ್ನೂ ಎತ್ತಿಕೊಂಡು ಬೈಕು ಹತ್ತಿದ.

*

ಇನೆಗ್ಬೆಯ ಅಂಗಳ ತುಂಬಿತ್ತು. ಇಬ್ಬರೂ ತಲುಪುವಷ್ಟರಲ್ಲಿ ಮಧ್ಯಾಹ್ನವಾಗಿ, ಹೆಣ ತೊಳೆದು ಮುಗಿದಿತ್ತು. ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಒಳಗೆ ಮಲಗಿಸಿದ್ದರು. ಹೊಸಿಲ ಮುಂದೆ ನೀಲಿ ಪಿಂಗಾಣಿ ಬಳಿದ ದೊಡ್ಡ ಬೋಗುಣಿಯಲ್ಲಿ ನೀರು ಕದಡಿ ನಿಂತಿತ್ತು, ಮೇಲೆ ಒಂದು ಸೋರೆಬುರುಡೆ ತೇಲುತ್ತಿತ್ತು.

ಬೋಗುಣಿಯ ಎದುರು ಬರಿನೆಲದ ಮೇಲೆ ಜಸ್ಟಿನಾ ಕೂತಿದ್ದಳು. ತಲೆ ಬೋಳಿಸಿದ್ದರು. ನಾಲ್ಕು ವರ್ಷದಿಂದ ಗಾರಿ ಹುರಿದು ಹುರಿದು ಕಪ್ಪಾದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

"ಬಂದಳಪ್ಪ ಪೊಲೀಸಮ್ಮ!" ಅಯೆಮೆರೆ ಸ್ಟೂಲಿನ ಮೇಲಿಂದಲೇ ಕೂಗಿದಳು. ಅರವತ್ತು ದಾಟಿದ ಹೆಂಗಸು. ಆ ಸುಡುಬಿಸಿಲಲ್ಲೂ ಕತ್ತಿನವರೆಗೆ ದಪ್ಪ ಬಟ್ಟೆ ಹೊದ್ದಿದ್ದಳು. "ಕಳ್ಳರೆಲ್ಲ ಮುಗಿದರಾ ಮಗಳೇ? ಈಗ ಹೆಣ ಕಾಯೋ ಕೆಲಸ ಕೊಟ್ಟಿದ್ದಾರಾ?"

ಹೆಂಗಸರು ನಕ್ಕರು.

"ಆ ನೀರು ಮುಟ್ಟಬೇಡಿ ಅಮ್ಮಾ. ಅದರಲ್ಲಿ ಲಾಸಾ ಇದೆ."

"ಇಲ್ಲ ಅಂತ ಕಾಗದ ಇದೆ. ನೀನು ಓದಿದವಳು, ಓದು." ಅಯೆಮೆರೆ ಎದೆಯೊಳಗಿಂದ ಮಡಿಸಿದ ಕಾಗದ ತೆಗೆದು ಎತ್ತಿ ಹಿಡಿದಳು. "ನಾನೇ ಹೊತ್ತುಕೊಂಡು ಹೋದೆ ಅವನನ್ನ. ನಮ್ಮವ್ವ ಸತ್ತಾಗ ಮೂರು ತಿಂಗಳ ಕೂಸು ಅವನು. ಈ ಬೆನ್ನಿಗೆ ಕಟ್ಟಿಕೊಂಡು ಸಾಕಿದೆ. ಅವನ ಮೈಲಿ ರೋಗ ಇಲ್ಲ ಅಂತ ಆಸ್ಪತ್ರೆನೇ ಹೇಳಿತು. ರೋಗ ಇಲ್ಲ ಅಂದಮೇಲೆ ಏನಿತ್ತು? ಅವನ ತಟ್ಟೆಗೆ ಬಡಿಸ್ತಿದ್ದವಳು ಯಾರು?"

"ಕಾಗದ ತಪ್ಪು, ಅಮ್ಮ," ಎಂದ ಲಾಬರಾನ್. ಪೆಟ್ಟಿಗೆಯನ್ನು ಎದೆಗವಚಿಕೊಂಡು ಮುಂದೆ ಬಂದ. "ಬರೆದವನು ನಾನು. ತಪ್ಪು ನನ್ನದು."

ಅಂಗಳದಲ್ಲಿ ಗುಸುಗುಸು ಎದ್ದಿತು. ಅಯೆಮೆರೆ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಅವತ್ತು ಸರಿ, ಇವತ್ತು ತಪ್ಪಾ? ಎಷ್ಟು ಹೊತ್ತು ಹೆದರಿಸಿದಳು ನಿನ್ನ, ಈ ಪೊಲೀಸಮ್ಮ?"

"ಬಿಡಿ ಮೇಡಂ," ಎಂದಳು ಜಸ್ಟಿನಾ. ಎಲ್ಲರೂ ಅವಳ ಕಡೆ ತಿರುಗಿದರು. "ಕುಡಿದುಬಿಡ್ತೀನಿ. ಕುಡಿಯದಿದ್ದರೆ ನಾಳೆಯಿಂದ ನನ್ನ ಮಕ್ಕಳನ್ನ ವಿಷ ಹಾಕಿದೋಳ ಮಕ್ಕಳು ಅಂತಾರೆ. ಸ್ಕೂಲಲ್ಲಿ ಅಂತಾರೆ, ಚರ್ಚಲ್ಲಿ ಅಂತಾರೆ. ನಾನು ಏನೂ ಮಾಡಿಲ್ಲ. ದೇವರಿಗೆ ಗೊತ್ತು."

"ದೇವರಿಗೆ ಗೊತ್ತಿದ್ದರೆ ಸಾಲದು ಕಣೇ, ವೈರಸ್ಸಿಗೂ ಗೊತ್ತಿರಬೇಕಲ್ಲ!" ಒಮೊಯೆ ಅರಚಿದಳು. ಮೂರು ದಿನದ ಸಿಟ್ಟೆಲ್ಲ ಒಟ್ಟಿಗೇ ನೆತ್ತಿಗೇರಿತು. ಗೋಡೆಗೆ ಹೇಳಿದರೂ ಇಷ್ಟು ಹೊತ್ತಿಗೆ ಬಿರುಕು ಬಿಡುತ್ತಿತ್ತು. ಅವಳು ಅಯೆಮೆರೆಯ ಕಡೆ ತಿರುಗಿದಳು. ಆಡಬಾರದ ಮಾತು ನಾಲಿಗೆಯ ತುದಿಗೆ ಬಂದಿತ್ತು. ತಡೆಯಲಿಲ್ಲ.

"ಆ ಕಾಗದ ತಪ್ಪಾದದ್ದು ಯಾಕೆ ಗೊತ್ತಾ ಅಮ್ಮಾ? ಸಂತೆಯಿಂದ ಸಂತೆಗೆ ಅಂದಿರಿ ನೀವು. ಈತನ ಊರಲ್ಲಿ ಸಂತೆಗೆ ಏಳು ದಿನ. ಏಳು ಅಂತ ಬರೆದ. ನಾಲ್ಕು ದಿನ ಅಂತ ಬಾಯಿಬಿಟ್ಟು ಹೇಳಿದ್ದರೆ ಆ ಒಂದು ಗೆರೆಯನ್ನ ಇವನು ನಂಬ್ತಿರಲಿಲ್ಲ. ಇನೆಗ್ಬೆಗೆ ಔಷಧಿ ಸಿಗ್ತಿತ್ತು. ಜಸ್ಟಿನಾ ಬಡಿಸಿದ ತಟ್ಟೆ ಅಲ್ಲ ಅವನನ್ನ ಕೊಂದದ್ದು. ಬೇಕಾದರೆ ನಿಮ್ಮ ಬಾಯಲ್ಲಿ ಹುಡುಕಿ!"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ತಡವಾಗಿತ್ತು.

ಅಯೆಮೆರೆಯ ಮುಖದಿಂದ ರಕ್ತ ಇಳಿದುಹೋಯಿತು. ಅವಳು ಲಾಬರಾನ್‌ನನ್ನು ನೋಡಿದಳು. ಅವನು ತಲೆ ತಗ್ಗಿಸಿದ. ಒಳಗೆ ಬಿಳಿ ಬಟ್ಟೆಯಲ್ಲಿ ಮಲಗಿದ್ದ ತಮ್ಮನ ಕಡೆ ಒಮ್ಮೆ ನೋಡಿದಳು.

"ನನ್ನ ಬಾಯಲ್ಲಿ," ಎಂದಳು ಮೆಲ್ಲಗೆ. "ನನ್ನ ಬಾಯಲ್ಲೇ?"

ಎದ್ದಳು. ಬೋಗುಣಿಯ ಹತ್ತಿರ ಬಂದು ಬಾಗಿದಳು. ಜಸ್ಟಿನಾಗೆ ಕೊಡಲು ನೀರು ತುಂಬುತ್ತಿದ್ದಾಳೆ ಎಂದುಕೊಂಡು ಒಮೊಯೆ ಅಡ್ಡ ಬಂದಳು. ಆದರೆ ಅಯೆಮೆರೆ ಸೋರೆಬುರುಡೆಯನ್ನು ಎತ್ತಿದ್ದು ತನ್ನದೇ ಬಾಯಿಗೆ. ಗಟಗಟನೆ ಕುಡಿದಳು. ಗದ್ದದಿಂದ ಇಳಿದ ನೀರು ಹೊದ್ದ ಬಟ್ಟೆಯನ್ನು ನೆನೆಸಿತು.

ಯಾರೋ ಚೀರಿದರು. ಬುರುಡೆ ಖಾಲಿಯಾಗಿ ನೆಲಕ್ಕೆ ಬಿತ್ತು.

"ರೋಗ ಇದ್ದರೆ ಈಗ ನನ್ನ ಹೊಟ್ಟೇಲಿದೆ," ಎಂದಳು ಅಯೆಮೆರೆ, ಬಾಯಿ ಒರೆಸಿಕೊಳ್ಳುತ್ತಾ. "ನೋಡೋಣ."

ಒಮೊಯೆಯ ಜೇಬಿನಲ್ಲಿ ಫೋನು ನಡುಗಿತು. ದೊಡ್ಡ ಲ್ಯಾಬಿನ ಮೆಸೇಜು. ಇನೆಗ್ಬೆ, ಗಂಡಸು, ನಲವತ್ತೊಂದು ವರ್ಷ. ಲಾಸಾ ವೈರಸ್ ಇದೆ.

ಎರಡೇ ಎರಡು ನಿಮಿಷ ಮೊದಲು ಬಂದಿದ್ದರೆ. ಅವಳಿಗೆ ಫೋನನ್ನು ಗೋಡೆಗೆ ಬಡಿಯಬೇಕು ಅನ್ನಿಸಿತು. ಬಡಿಯದೆ ಅದನ್ನೇ ಠಾಣಾಧಿಕಾರಿಗೆ ಕಳಿಸಿದಳು. ತಕ್ಷಣ ಉತ್ತರ ಬಂತು: ಜೀಪು ಹೊರಟಿತು, ಅರ್ಧ ಗಂಟೆ.

ಅವಳು ಮೆಸೇಜನ್ನು ಗಟ್ಟಿಯಾಗಿ ಓದಿ ಹೇಳಿದಳು. ಅಂಗಳ ಎರಡು ಹೋಳಾಯಿತು. ಕೆಲವರು ಹಿಂದೆ ಸರಿದು ಸೆರಗಿಗೆ ಕೈ ಒರೆಸಿಕೊಂಡರು. ಉಳಿದವರು ಗದ್ದಲವೆಬ್ಬಿಸಿದರು. ಫೋನಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಬರೀತಾರೆ ಎಂದಳು ಒಬ್ಬಳು. ಮುದ್ರೆ ಎಲ್ಲಿ, ಸಹಿ ಎಲ್ಲಿ ಎಂದಳು ಇನ್ನೊಬ್ಬಳು.

"ಸುಮ್ಮನಿರ್ರೇ!" ಅಯೆಮೆರೆ ಕೈ ಎತ್ತಿದಳು. "ಜಗಳ ಯಾಕೆ? ಈತನ ಪೆಟ್ಟಿಗೇಲಿ ಪಟ್ಟಿ ಇದೆ ತಾನೆ? ನೀರು ಕುಡಿದವಳು ನಾನು. ನನ್ನ ಬೆರಳು ಚುಚ್ಚಲಿ, ಎಲ್ಲರೆದುರಿಗೆ. ಎರಡು ಗೆರೆ ಬಂದರೆ ರೋಗ, ನಾನೇ ಇವಳ ಕಾಲು ಹಿಡೀತೀನಿ. ಒಂದೇ ಗೆರೆ ಬಂದರೆ ಉಳಿದ ನೀರು ಇವಳಿಗೆ. ನ್ಯಾಯ ಅಲ್ಲವಾ?"

"ನ್ಯಾಯ, ನ್ಯಾಯ," ಎಂದರು ಹೆಂಗಸರು.

"ಅಮ್ಮಾ, ಈಗ ತಾನೇ ಕುಡಿದಿದ್ದೀರಿ," ಲಾಬರಾನ್ ತಡವರಿಸಿದ. "ಇವತ್ತು ಚುಚ್ಚಿದರೆ ಒಂದೇ ಗೆರೆ ಬರುತ್ತೆ. ರೋಗ ಇದ್ದರೂ ಒಂದೇ..."

ಒಮೊಯೆ ಅವನ ಮೊಣಕೈ ಒತ್ತಿದಳು. ಪಟ್ಟಿಯ ಮೇಲೆ ಗೆರೆ ಮೂಡಲು ಹದಿನೈದು ನಿಮಿಷ ಬೇಕು. ಚುಚ್ಚಲು, ಒರೆಸಲು, ಪೊಟ್ಟಣ ಬಿಚ್ಚಲು ಇವನ ಅಚ್ಚುಕಟ್ಟಿಗೆ ಇನ್ನೊಂದು ಹತ್ತು ನಿಮಿಷ. ಅಷ್ಟರಲ್ಲಿ ಜೀಪು ಊರ ಬಾಗಿಲಿಗೆ ಬಂದಿರುತ್ತದೆ. ತನ್ನನ್ನು ಮೂರು ದಿನ ಆಟ ಆಡಿಸಿದ ಆ ದರಿದ್ರ ಪಟ್ಟಿ ಒಮ್ಮೆಯಾದರೂ ಉಪಯೋಗಕ್ಕೆ ಬರಲಿ.

"ಮಾಡಿ, ಮಾಲಮ್," ಎಂದಳು. "ನಿಧಾನವಾಗಿ. ಕೈ ನಾನು ಹಿಡ್ಕೋತೀನಿ."

ಗವಸು ಹಾಕಿಕೊಂಡು ಅಯೆಮೆರೆಯ ಮುಂದೆ ಮಂಡಿಯೂರಿದಳು. ಮುದುಕಿ ಹೊದಿಕೆಯೊಳಗಿಂದ ಕೈ ಚಾಚಿದಳು.

ಗವಸಿನ ಮೂಲಕವೂ ಆ ಕೈ ಸುಡುತ್ತಿತ್ತು.

ಒಮೊಯೆ ತಲೆ ಎತ್ತಿದಳು. ಅಯೆಮೆರೆಯ ಕಣ್ಣು ಕೆಂಪಗಿತ್ತು. ಅತ್ತು ಅತ್ತು ಕೆಂಪಾದದ್ದು ಎಂದುಕೊಂಡಿದ್ದಳು. ಹೊದ್ದ ದಪ್ಪ ಬಟ್ಟೆಯೊಳಗೆ ಆ ಮೈ ಸಣ್ಣಗೆ ನಡುಗುತ್ತಿತ್ತು. ಈಗ ಕುಡಿದ ನೀರು ಇಷ್ಟು ಬೇಗ ಯಾರನ್ನೂ ಸುಡುವುದಿಲ್ಲ.

ಲಾಬರಾನ್ ಬೆರಳು ಚುಚ್ಚಿದ. ಒಂದು ತೊಟ್ಟು ರಕ್ತ ಪಟ್ಟಿಯ ಮೇಲೆ ಬಿತ್ತು. ಹೆಂಗಸರು ಮುತ್ತಿಕೊಂಡು ಬಾಗಿ ನೋಡಿದರು. ಯಾರೋ ಆಗಲೇ ಬಿದ್ದಿದ್ದ ಬುರುಡೆಯನ್ನು ಎತ್ತಿ, ಬೋಗುಣಿಯಲ್ಲಿ ಅದ್ದಿ ತುಂಬಿ, ಜಸ್ಟಿನಾಳ ಮುಂದೆ ಇಟ್ಟರು.

"ಯಾವಾಗಿಂದ ಅಮ್ಮಾ?" ಒಮೊಯೆ ಅವಳೊಬ್ಬಳಿಗೇ ಕೇಳುವಂತೆ ಕೇಳಿದಳು. "ಜ್ವರ ಯಾವಾಗಿಂದ?"

ಅಯೆಮೆರೆ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಆ ಹಿಡಿತದಲ್ಲಿ ಬೇಡಿಕೆ ಇತ್ತು.

"ಯಾರಿಗೂ ಹೇಳಬೇಡ, ಮಗಳೇ," ಎಂದಳು. "ಹೋದ ಸಂತೆಯಿಂದ."